ಗುಜರಿಗೆ ಹೋದ ಮೂಕಿ ಚಿತ್ರಗಳು

ಹೋದ ವರ್ಷ ಈದ್ ಹಬ್ಬಕ್ಕೆ ಮೊದಲು ನಾನಿಯ ಮನೆಗೆ ಸುಣ್ಣ-ಬಣ್ಣ ಹೊಡೆಸಿದರು. ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತುಕ್ಕು ಹಿಡಿದ ಟ್ರಂಕು, ಒಡೆದ ಫ್ಯಾನು, ಹಳೆಯ ಪಠ್ಯಪುಸ್ತಕಗಳ ಜೊತೆ ಒಂದು ರಟ್ಟಿನ ಡಬ್ಬಿಯಲ್ಲಿ ಏಳೆಂಟು ವಿಡಿಯೊ ಕ್ಯಾಸೆಟ್ಟುಗಳಿದ್ದವು. ಮೇಲೆ ಹಚ್ಚಿದ್ದ ಚೀಟಿಗಳನ್ನು ಗೆದ್ದಲು ತಿಂದಿತ್ತು. "ಇದನ್ನು ಹಾಕೋ ಮಷೀನೇ ಮನೆಯಲ್ಲಿ ಇಲ್ಲ, ಇಟ್ಟುಕೊಂಡು ಏನು ಮಾಡೋದು?" ಎಂದರು ಮಾಮು. ನನಗೂ ಹೌದೆನ್ನಿಸಿತು. ಬೀದಿಯಲ್ಲಿ ಗುಜರಿಯವನು ಕೂಗುತ್ತ ಬಂದಾಗ ಕಬ್ಬಿಣ, ಪೇಪರ್ ಜೊತೆಗೆ ಆ ಡಬ್ಬಿಯನ್ನೂ ತೂಕಕ್ಕೆ ಹಾಕಿದೆ.

ಹಬ್ಬದ ಮಾರನೇ ದಿನ ನಾನಿ ಕೇಳಿದರು: "ಬೇಟಾ, ನಿನ್ನ ಅಮ್ಮಿಯ ಮದುವೆ ಕ್ಯಾಸೆಟ್ ಅಟ್ಟದಲ್ಲಿತ್ತಲ್ಲ, ಎಲ್ಲಿಟ್ಟೆ?"

ಆ ಕ್ಯಾಸೆಟ್ಟಿನಲ್ಲಿ ನಾನಾ ಇದ್ದರಂತೆ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸಲಾಂ ಹೇಳುತ್ತ, ಅಡುಗೆಯವರನ್ನು ಗದರಿಸುತ್ತ, ಕೊನೆಗೆ ಮಗಳನ್ನು ಕಳಿಸುವಾಗ ಗೋಡೆಗೆ ಮುಖ ತಿರುಗಿಸಿ ನಿಂತಿದ್ದರಂತೆ. ನಾನು ಹುಟ್ಟುವುದಕ್ಕೆ ಮೊದಲೇ ಅವರು ತೀರಿಕೊಂಡರು. ಅವರ ಎರಡು ಫೋಟೋ ನೋಡಿದ್ದೇನೆ, ಅಷ್ಟೇ. ಅವರ ಧ್ವನಿ ಹೇಗಿತ್ತು, ಹೇಗೆ ನಡೆಯುತ್ತಿದ್ದರು ಎಂದು ಇನ್ನು ಮುಂದೆ ನನಗೆ ಗೊತ್ತಾಗುವುದೂ ಇಲ್ಲ. ನಾನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಮನೆಯ ಮಾತನ್ನು ನಮ್ಮ ವಾರ್ತಾಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಈ ವರ್ಷ ಇತಿಹಾಸದ ಮೇಡಂ ನಮ್ಮ ತರಗತಿಗೆ ಪ್ರಾಜೆಕ್ಟ್ ಕೊಟ್ಟರು. ನಾನು ಆರಿಸಿಕೊಂಡ ವಿಷಯ "ಮೂಕಿ ಚಿತ್ರಗಳ ಕಾಲ". ಸುಲಭ ಎಂದುಕೊಂಡಿದ್ದೆ. ನಾಲ್ಕು ಹಳೆಯ ಸಿನಿಮಾ ನೋಡುವುದು, ಐದು ಪುಟ ಬರೆಯುವುದು, ಮುಗಿಯಿತು ಎಂಬುದು ನನ್ನ ಲೆಕ್ಕ. ಆದರೆ ಹುಡುಕಲು ಕುಳಿತಾಗ ತಿಳಿದದ್ದು, ನೋಡಬೇಕಾದ ಸಿನಿಮಾಗಳಲ್ಲಿ ಹೆಚ್ಚಿನವು ಇವತ್ತು ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲ ಎಂಬ ಸಂಗತಿ. ನಾನು ಅಟ್ಟದಲ್ಲಿ ಮಾಡಿದ ಕೆಲಸವನ್ನೇ ಇಡೀ ದೇಶ, ಇಡೀ ಪ್ರಪಂಚ ಮೊದಲೇ ಮಾಡಿ ಮುಗಿಸಿತ್ತು.

ಮೊದಲು ಸ್ವಲ್ಪ ಇತಿಹಾಸ ಹೇಳುತ್ತೇನೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆ ಎಂಬಲ್ಲಿ ಲೂಮಿಯೇರ್ ಸಹೋದರರು ಹತ್ತು ಪುಟ್ಟ ಚಿತ್ರಗಳನ್ನು ದುಡ್ಡು ಪಡೆದು ಜನರಿಗೆ ತೋರಿಸಿದರು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಮಗುವಿಗೆ ಊಟ ಮಾಡಿಸುವುದು, ಇಂಥವೇ. ಕಥೆಯಿಲ್ಲ, ಹೀರೋ ಇಲ್ಲ. ಇವತ್ತು ನಾವು ಮೊಬೈಲಿನಲ್ಲಿ ತೆಗೆಯುವುದೂ ಇದನ್ನೇ ಅಲ್ಲವೇ? ಆರೇ ತಿಂಗಳಲ್ಲಿ, 1896ರ ಜುಲೈ 7ರಂದು, ಅದೇ ಯಂತ್ರ ಬೊಂಬಾಯಿಯ ವಾಟ್ಸನ್ ಹೋಟೆಲಿಗೆ ಬಂತು. ಟಿಕೆಟ್ ದರ ಒಂದು ರೂಪಾಯಿ. ಆಗಿನ ಒಂದು ರೂಪಾಯಿ ಸಣ್ಣ ಮೊತ್ತವಲ್ಲ.

1913ರ ಮೇ 3ರಂದು ಬೊಂಬಾಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ದಾದಾಸಾಹೇಬ್ ಫಾಲ್ಕೆಯವರ "ರಾಜಾ ಹರಿಶ್ಚಂದ್ರ" ತೆರೆಗೆ ಬಂತು. ಇದಕ್ಕಾಗಿ ಫಾಲ್ಕೆ ತಮ್ಮ ವಿಮೆಯ ಪಾಲಿಸಿ ಒತ್ತೆ ಇಟ್ಟು ಲಂಡನ್ನಿಗೆ ಹೋಗಿ ಕೆಲಸ ಕಲಿತು ಬಂದಿದ್ದರು. ಅವರ ಹೆಂಡತಿ ಸರಸ್ವತಿಬಾಯಿ ಫಿಲ್ಮಿನ ಅಂಚಿಗೆ ರಂಧ್ರ ಹಾಕುವುದರಿಂದ ಹಿಡಿದು ಇಡೀ ತಂಡಕ್ಕೆ ಅಡುಗೆ ಮಾಡುವವರೆಗೆ ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟರು. ಆ ಚಿತ್ರದಲ್ಲಿ ನಟಿಸಲು ಯಾವ ಹೆಣ್ಣೂ ಒಪ್ಪಲಿಲ್ಲ. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬ ಯುವಕ ತಾರಾಮತಿಯ ಪಾತ್ರ ಮಾಡಿದ.

ಅಲ್ಲಿಂದ ಹದಿಮೂರೇ ವರ್ಷ. 1926ರಲ್ಲಿ ಒಬ್ಬ ಹೆಣ್ಣುಮಗಳು ಕ್ಯಾಮೆರಾದ ಮುಂದೆ ನಿಲ್ಲುವುದಷ್ಟೇ ಅಲ್ಲ, ತನ್ನದೇ ಕಂಪನಿ ಕಟ್ಟಿ, ತಾನೇ ನಿರ್ದೇಶಕಿಯಾಗಿ ಸಿನಿಮಾ ತೆಗೆದರು. ಅವರ ಹೆಸರು ಫಾತ್ಮಾ ಬೇಗಂ. ಭಾರತದ ಮೊದಲ ಮಹಿಳಾ ನಿರ್ದೇಶಕಿ. ಉರ್ದು ನಾಟಕಗಳಿಂದ ಬಂದವರು. ಕಂಪನಿಯ ಹೆಸರು ಫಾತ್ಮಾ ಫಿಲ್ಮ್ಸ್, ಸಿನಿಮಾದ ಹೆಸರು "ಬುಲ್‌ಬುಲ್-ಎ-ಪರಿಸ್ತಾನ್". ಅದು ಪರಿಗಳ ಲೋಕದ ಕಥೆ. ಕ್ಯಾಮೆರಾ ಕೈಚಳಕದ ದೃಶ್ಯಗಳು ಅದರಲ್ಲಿದ್ದವು ಎಂದು ಪುಸ್ತಕಗಳು ಹೇಳುತ್ತವೆ.

ಈ ಹೆಸರು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ "ಭಾರತದ ಮೊದಲಿಗರು" ಎಂಬ ಪಟ್ಟಿಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಾನು ಓದಿದ ಪಟ್ಟಿಗಳಲ್ಲಿ ಈ ಹೆಸರು ಇರಲಿಲ್ಲ. ತಕ್ಷಣ ಸಿನಿಮಾ ನೋಡಬೇಕು ಎಂದು ಹುಡುಕಿದೆ. ಸಿಗಲಿಲ್ಲ. ಒಂದು ರೀಲು ಕೂಡ ಉಳಿದಿಲ್ಲ. ಅವರು ಪರಿಗಳನ್ನು ಹೇಗೆ ಹಾರಿಸಿದರು, ಯಾವ ದೃಶ್ಯಕ್ಕೆ ಕ್ಯಾಮೆರಾ ಎಲ್ಲಿಟ್ಟರು ಎಂಬುದನ್ನು ಇನ್ನು ಯಾರೂ ಹೇಳಲಾರರು. ಮೊದಲಿಗರು ಎಂಬ ಬಿರುದು ಉಳಿದಿದೆ, ಅವರು ಮಾಡಿದ ಕೆಲಸ ಉಳಿದಿಲ್ಲ.

ಅವರ ಮಗಳು ಜುಬೇದಾ. 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾದ "ಆಲಂ ಆರಾ"ದ ನಾಯಕಿ. ಅದು ಭಾರತದ ಮೊದಲ ವಾಕ್ಚಿತ್ರ, ಮೂಕಿ ಯುಗದ ಮುಕ್ತಾಯ. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ಸದ್ದು ಬರಬಾರದೆಂದು ರಾತ್ರಿ ಹೊತ್ತು ರೈಲು ನಿಂತ ಮೇಲೆ ಚಿತ್ರೀಕರಣ ಮಾಡುತ್ತಿದ್ದರು. ಏಳು ಹಾಡುಗಳಿದ್ದವು. ಫಕೀರನ ಪಾತ್ರದಲ್ಲಿ ವಜೀರ್ ಮುಹಮ್ಮದ್ ಖಾನ್ ಹಾಡಿದ ಹಾಡು ಭಾರತದ ಸಿನಿಮಾದ ಮೊದಲ ಹಾಡು. ಅದೂ ಇಲ್ಲ. ಕೆಲವು ಫೋಟೋ, ಪೋಸ್ಟರ್ ಮಾತ್ರ ಉಳಿದಿವೆ. ನಮ್ಮ ಕನ್ನಡದ ಮೊದಲು ತೆರೆ ಕಂಡ ವಾಕ್ಚಿತ್ರ, 1934ರ "ಸತಿ ಸುಲೋಚನ"ದ ಗತಿಯೂ ಇದೇ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅವರ ನಟನೆ, ಎಲ್ಲವನ್ನೂ ಪುಸ್ತಕದಲ್ಲಿ ಓದಬಹುದು. ನೋಡಲು ಪ್ರತಿ ಇಲ್ಲ.

ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ ತಯಾರಾದ ಚಿತ್ರಗಳು 1300ಕ್ಕೂ ಹೆಚ್ಚು. ಪೂರ್ತಿಯಾಗಿಯೋ ಚೂರುಪಾರಾಗಿಯೋ ಉಳಿದಿರುವುದು ಮೂವತ್ತರ ಆಸುಪಾಸು. "ರಾಜಾ ಹರಿಶ್ಚಂದ್ರ"ದ ನಾಲ್ಕು ರೀಲುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಉಳಿದಿವೆ. ಅವೂ ಫಾಲ್ಕೆ 1917ರಲ್ಲಿ ಮತ್ತೆ ತೆಗೆದ ಚಿತ್ರದವು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಶ್ರೀಮಂತ ದೇಶಗಳ ಕಥೆಯೂ ದೊಡ್ಡ ವ್ಯತ್ಯಾಸವಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ತಯಾರಾದ ಸುಮಾರು 11 ಸಾವಿರ ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಬಿಡುಗಡೆಯಾದ ರೂಪದಲ್ಲೇ ಉಳಿದಿರುವುದು ಶೇಕಡಾ 14 ಮಾತ್ರ.

ಯಾಕೆ ಹೀಗಾಯಿತು? ಒಂದು ಕಾರಣ ರಸಾಯನಶಾಸ್ತ್ರದ್ದು. ವಿಜ್ಞಾನ ವಿಭಾಗದ ಗೆಳತಿಯನ್ನು ಕೂರಿಸಿಕೊಂಡು ಇದನ್ನು ಅರ್ಥ ಮಾಡಿಕೊಂಡೆ. ಆಗಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡಿದ್ದು. ಹತ್ತಿಯಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದ ಜೊತೆ ಸೇರಿಸಿ ತಯಾರಿಸುವ ವಸ್ತು. ಸಿಡಿಮದ್ದಿಗೆ ಬಳಸುವ ಗನ್ ಕಾಟನ್ ಕೂಡ ಇದೇ ಕುಟುಂಬದ್ದು. ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಬೆಂಕಿ ತಗಲದಿದ್ದರೂ ಸುಮ್ಮನಿರುವುದಿಲ್ಲ. ಸೆಕೆ, ತೇವ ಇರುವ ಕಡೆ ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ರೀಲು ಅಂಟಂಟಾಗುತ್ತದೆ, ಕೊನೆಗೆ ಡಬ್ಬಿ ತೆರೆದರೆ ಕಂದು ಪುಡಿ ಸಿಗುತ್ತದೆ. ನಮ್ಮ ದೇಶದ ಹವೆಯಲ್ಲಿ ಇದು ಇನ್ನೂ ಬೇಗ.

ಬೆಂಕಿಯ ಕಥೆಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಕಲ್ಕತ್ತೆಯ ಹೀರಾಲಾಲ್ ಸೇನ್ ಅವರದು. ಫಾಲ್ಕೆಗಿಂತ ಎಷ್ಟೋ ಮೊದಲು, 19ನೇ ಶತಮಾನದ ಕೊನೆಯಲ್ಲೇ, ರಾಯಲ್ ಬಯಸ್ಕೋಪ್ ಕಂಪನಿ ಕಟ್ಟಿ ಚಿತ್ರ ತೆಗೆದವರು. 1905ರಲ್ಲಿ ಬಂಗಾಳ ವಿಭಜನೆಯನ್ನು ವಿರೋಧಿಸಿ ಕಲ್ಕತ್ತೆಯಲ್ಲಿ ನಡೆದ ಸಭೆ, ಮೆರವಣಿಗೆಯನ್ನು ಅವರು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಯೋಚಿಸಿ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ನಾವು ಓದುವ ಆ ಚಳವಳಿ ಚಲಿಸುವ ಚಿತ್ರವಾಗಿ ಇತ್ತು. ಆ ಜನ ಹೇಗೆ ನಡೆದರು, ಎಷ್ಟು ಜನ ಸೇರಿದ್ದರು, ಮುಖದಲ್ಲಿ ಏನಿತ್ತು ಎಂದು ನಾವು ಕಣ್ಣಾರೆ ನೋಡಬಹುದಿತ್ತು. 1917ರಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಅವರ ಚಿತ್ರಗಳೆಲ್ಲ ಸುಟ್ಟುಹೋದವು. ಅದೇ ವರ್ಷ ಅವರೂ ತೀರಿಕೊಂಡರು.

ಆದರೆ ಬೆಂಕಿಯನ್ನಷ್ಟೇ ದೂರುವುದು ಸರಿಯಲ್ಲ. ಹೆಚ್ಚಿನ ಚಿತ್ರಗಳನ್ನು ಕೊಂದದ್ದು "ಇನ್ನು ಇದರಿಂದ ಏನು ಉಪಯೋಗ?" ಎಂಬ ನಮ್ಮ ಮಾತು. ಮಾತನಾಡುವ ಚಿತ್ರ ಬಂದ ಮೇಲೆ ಮೂಕಿ ಚಿತ್ರವನ್ನು ದುಡ್ಡು ಕೊಟ್ಟು ನೋಡುವವರಿರಲಿಲ್ಲ. ರೀಲುಗಳನ್ನಿಡಲು ಜಾಗ ಬೇಕು, ಬಾಡಿಗೆ ಕಟ್ಟಬೇಕು, ಬೆಂಕಿಯ ಭಯ ಬೇರೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಅದನ್ನು ತೊಳೆದು ಬೆಳ್ಳಿ ತೆಗೆದರೆ ನಾಲ್ಕು ಕಾಸು ಸಿಗುತ್ತಿತ್ತು. "ಆಲಂ ಆರಾ"ದ ರೀಲುಗಳೂ ಹೀಗೆ ಬೆಳ್ಳಿ ತೆಗೆದ ಮೇಲೆ ವಿಲೇವಾರಿಯಾದವು ಎಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ನೆನಪಿಸಿಕೊಂಡಿದ್ದಾರೆ. 2003ರಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ಅದು ಸುಟ್ಟಿತು ಎಂಬ ಸುದ್ದಿ ಈಗಲೂ ಓಡಾಡುತ್ತಿದೆ. ಆದರೆ ಆ ಚಿತ್ರ ಸಂಗ್ರಹಾಲಯಕ್ಕೆ ಬಂದೇ ಇರಲಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಹೋಗಿತ್ತು.

ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅವರ ಕಥೆ ಇನ್ನೂ ಕಠೋರ. 1902ರಲ್ಲಿ ಚಂದ್ರನ ಮೇಲಕ್ಕೆ ಮನುಷ್ಯರನ್ನು ಕಳಿಸುವ ಚಿತ್ರ ತೆಗೆದ ಮಾಂತ್ರಿಕ. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಂಡ ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಅವರು ತೆಗೆದದ್ದು 500ಕ್ಕೂ ಹೆಚ್ಚು ಚಿತ್ರಗಳು. ಮೊದಲ ಮಹಾಯುದ್ಧದ ಹೊತ್ತಿಗೆ ಅವರ ಎಷ್ಟೋ ರೀಲುಗಳನ್ನು ಕರಗಿಸಿ ಸೈನಿಕರ ಬೂಟಿನ ಹಿಮ್ಮಡಿಗೆ ಬಳಸಿದರು. 1923ರಲ್ಲಿ ಸಾಲ ತೀರಿಸಲಾಗದೆ ಸ್ಟುಡಿಯೊ ಬಿಡಬೇಕಾಗಿ ಬಂದಾಗ, ಉಳಿದ ನೆಗೆಟಿವ್‌ಗಳಿಗೆ ಮೆಲಿಯೆಸ್ ತಾವೇ ಬೆಂಕಿ ಇಟ್ಟರು. ಆಮೇಲೆ ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತ ಕೂತಿದ್ದರು.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಒಬ್ಬ ಗೆಳೆಯ ಎದ್ದು ನಿಂತು ಹೇಳಿದ: "ಹೋದರೆ ಹೋಗಲಿ ಬಿಡು. ಮಾತಿಲ್ಲ ಕಥೆಯಿಲ್ಲ, ಎಲ್ಲರೂ ಕೀಲಿ ಕೊಟ್ಟ ಗೊಂಬೆ ಹಾಗೆ ಓಡಾಡುತ್ತಾರೆ. ನಗು ಬರುತ್ತದೆ." ಎಲ್ಲರೂ ನಕ್ಕರು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಇದು ತಪ್ಪು ತಿಳಿವಳಿಕೆ. ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರು, ಹದಿನೆಂಟು, ಇಪ್ಪತ್ತು ಹೀಗೆ ಚೌಕಟ್ಟುಗಳು ಓಡುತ್ತಿದ್ದವು. ಧ್ವನಿ ಬಂದ ಮೇಲೆ ಸೆಕೆಂಡಿಗೆ ಇಪ್ಪತ್ನಾಲ್ಕು ಎಂದು ನಿಗದಿಯಾಯಿತು. ಹಳೆಯ ಚಿತ್ರವನ್ನು ಹೊಸ ವೇಗದಲ್ಲಿ ಓಡಿಸಿದರೆ ಯಾರೇ ಆದರೂ ಓಡೋಡಿ ನಡೆಯುತ್ತಾರೆ. ಬೇಕೆಂದೇ ವೇಗ ಹೆಚ್ಚಿಸಿದ ಹಾಸ್ಯ ಚಿತ್ರಗಳೂ ಇದ್ದವು ನಿಜ. ಆದರೆ ಉಳಿದವರು ನಮ್ಮ ಹಾಗೆಯೇ ನಡೆಯುತ್ತಿದ್ದರು.

ಆ ಚಿತ್ರಮಂದಿರಗಳು ಮೌನವಾಗಿಯೂ ಇರಲಿಲ್ಲ. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ನುಡಿಸುವವರು ಕೂತಿರುತ್ತಿದ್ದರು. ನಡುನಡುವೆ ಮಾತುಗಳನ್ನು ಬರೆದ ಚೌಕಟ್ಟುಗಳು ಬರುತ್ತಿದ್ದವು. ನಮ್ಮ ದೇಶದಲ್ಲಿ ಒಂದೇ ಚೌಕಟ್ಟಿನಲ್ಲಿ ಇಂಗ್ಲಿಷ್, ಹಿಂದಿ, ಗುಜರಾತಿ, ಉರ್ದು ಹೀಗೆ ಎರಡು ಮೂರು ಲಿಪಿ ಸೇರಿಸುತ್ತಿದ್ದುದುಂಟು. ಓದು ಬಾರದವರಿಗಾಗಿ ಬಂದವರಲ್ಲೇ ಒಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಎಂದು ಬೆಳೆದ ನಮ್ಮಂಥವರಿಗೆ ಇದು ಅರ್ಥವಾಗುವ ಲೋಕ. ಮಾತು ಬಂದ ಮೇಲೆ ಸಿನಿಮಾ ಭಾಷೆಗಳಾಗಿ ಹಂಚಿಹೋಯಿತು. ಅದಕ್ಕೆ ಮೊದಲು ಒಂದೇ ಚಿತ್ರ ಮದ್ರಾಸಿನವರಿಗೂ ಪೇಶಾವರದವರಿಗೂ ತಿಳಿಯುತ್ತಿತ್ತು.

ಇನ್ನೊಂದು ಆಕ್ಷೇಪಣೆಯನ್ನೂ ಇಲ್ಲಿ ಹೇಳಬೇಕು. ಸಿನಿಮಾವೇ ಬೇಡ, ಅದಕ್ಕೆ ಇಷ್ಟೊಂದು ಪುಟ ಯಾಕೆ ಎನ್ನುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ, ನಮ್ಮ ಕಾಲೇಜಿನಲ್ಲೂ ಇರಬಹುದು. ಅವರ ಅಭಿಪ್ರಾಯಕ್ಕೆ ನನ್ನ ಗೌರವ ಇದೆ. ನಾನು ಇಲ್ಲಿ ಯಾರಿಗೂ ಸಿನಿಮಾ ನೋಡಿ ಎಂದು ಪ್ರಚಾರ ಮಾಡುತ್ತಿಲ್ಲ. ನೂರು ವರ್ಷದ ಹಿಂದಿನ ಒಂದು ಚಿತ್ರದಲ್ಲಿ ಕಥೆಯ ಜೊತೆಗೆ ಆಗಿನ ಬೀದಿ, ಬಟ್ಟೆ, ಜಟಕಾ ಗಾಡಿ, ಮನುಷ್ಯರ ಮುಖ ಎಲ್ಲವೂ ಇರುತ್ತದೆ. ಹಳೆಯ ಶಾಸನವನ್ನು, ನಾಣ್ಯವನ್ನು ನಾವು ಹೇಗೆ ಕಾಪಾಡುತ್ತೇವೆಯೋ ಇದನ್ನೂ ಹಾಗೆ ದಾಖಲೆ ಎಂದು ನೋಡಬೇಕು. ಮೆಚ್ಚುವುದು, ಬಿಡುವುದು ಅವರವರ ಇಷ್ಟ. ಆದರೆ ಮೆಚ್ಚದ್ದನ್ನು ನಾಶವಾಗಲು ಬಿಟ್ಟರೆ, ಮುಂದಿನವರು ತಮ್ಮ ಅಭಿಪ್ರಾಯ ತಾವೇ ಕಟ್ಟಿಕೊಳ್ಳುವ ಅವಕಾಶವನ್ನೂ ಕಿತ್ತುಕೊಂಡಂತೆ.

ಹಾಗಾದರೆ ಉಳಿದವು ಹೇಗೆ ಉಳಿದವು? ನನ್ನ ಪ್ರಾಜೆಕ್ಟಿನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. 1978ರಲ್ಲಿ ಕೆನಡಾದ ಡಾಸನ್ ಸಿಟಿ ಎಂಬ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ 500ಕ್ಕೂ ಹೆಚ್ಚು ರೀಲುಗಳು ಸಿಕ್ಕವು. ಚಿನ್ನದ ಗಣಿಯ ಆ ದೂರದ ಊರಿಗೆ ಬಂದ ಚಿತ್ರಗಳನ್ನು ವಾಪಸು ಕಳಿಸುವ ಖರ್ಚು ಹೆಚ್ಚೆಂದು, ಹಳೆಯ ಈಜುಕೊಳ ಮುಚ್ಚುವಾಗ ಅದರೊಳಗೆ ತುಂಬಿ ಮಣ್ಣು ಎಳೆದಿದ್ದರು. ಹೆಪ್ಪುಗಟ್ಟಿದ ನೆಲವೇ ಶೀತಪೆಟ್ಟಿಗೆಯಾಗಿ ಅವನ್ನು ಅರ್ಧ ಶತಮಾನ ಕಾಪಾಡಿತ್ತು. 1928ರಲ್ಲಿ ಡ್ರೇಯರ್ ನಿರ್ದೇಶಿಸಿದ "ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್" ಚಿತ್ರದ ಮೂಲ ಪ್ರತಿ ಸುಟ್ಟುಹೋಗಿತ್ತು. 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಅದರ ಒಳ್ಳೆಯ ಪ್ರತಿಯೊಂದು ಸಿಕ್ಕಿತು. ಜರ್ಮನಿಯ "ಮೆಟ್ರೋಪೊಲಿಸ್"ನ ಕಳೆದುಹೋದ ಭಾಗಗಳು 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಪತ್ತೆಯಾದವು. ಯಾರೋ ಎಸೆಯಲು ಮರೆತದ್ದೇ ಜಗತ್ತಿಗೆ ಲಾಭವಾಯಿತು.

ನಮ್ಮ ದೇಶದಲ್ಲಿ ಮರೆವಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಹಟ ಕೆಲಸ ಮಾಡಿತು. 1964ರಲ್ಲಿ ಪುಣೆಯಲ್ಲಿ ಸಂಗ್ರಹಾಲಯ ಶುರುವಾದ ಮೇಲೆ ಪಿ.ಕೆ. ನಾಯರ್ ಊರೂರು ಅಲೆದರು. ಗೋದಾಮು, ಹಳೆಯ ಟಾಕೀಸು, ನಿರ್ಮಾಪಕರ ಮನೆಗಳಿಗೆ ಹೋಗಿ ಡಬ್ಬಿ ಡಬ್ಬಿಯಾಗಿ ತಂದರು. ಫಾಲ್ಕೆಯವರ ಚಿತ್ರಗಳ ಉಳಿದ ತುಣುಕುಗಳು ಇವತ್ತು ನೋಡಲು ಸಿಗುವುದು ಅವರಿಂದ. 1919ರ "ಕಾಲಿಯಾ ಮರ್ದನ್" ನೋಡಿ. ಚಿತ್ರದ ಆರಂಭದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ ನಗು, ಸಿಟ್ಟು, ಅಳು ಎಂದು ಒಂದೊಂದೇ ಮುಖಭಾವ ತೋರಿಸುತ್ತಾಳೆ, ಆಮೇಲೆ ಕೃಷ್ಣನ ವೇಷಕ್ಕೆ ಬದಲಾಗುತ್ತಾಳೆ. ನೂರು ವರ್ಷ ಕಳೆದರೂ ಆ ಮಗು ನಮ್ಮನ್ನು ನೋಡಿ ನಗುತ್ತಿದೆ. ಫಾತ್ಮಾ ಬೇಗಂ ಅವರಿಗೂ ಮೂವರು ಹೆಣ್ಣುಮಕ್ಕಳಿದ್ದರು, ಮೂವರೂ ನಟಿಯರು. ಮಂದಾಕಿನಿಯನ್ನು ನೋಡುವಾಗಲೆಲ್ಲ ನನಗೆ "ಬುಲ್‌ಬುಲ್-ಎ-ಪರಿಸ್ತಾನ್" ನೆನಪಾಗುತ್ತದೆ.

ತಾಜ್ ಮಹಲಿನ ಕಥೆ ಹೇಳುವ 1928ರ "ಶಿರಾಜ್" ಕೂಡ ಉಳಿದಿದೆ. ಹಿಮಾಂಶು ರಾಯ್ ನಿರ್ಮಾಣ, ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶನ, ಚಿತ್ರೀಕರಣ ಭಾರತದಲ್ಲಿ, ನಟರೆಲ್ಲ ಭಾರತದವರು. ಅದು ಉಳಿಯಲು ಮುಖ್ಯ ಕಾರಣ, ಬ್ರಿಟನ್ ಮತ್ತು ಜರ್ಮನಿಯವರ ಪಾಲುದಾರಿಕೆ ಇದ್ದುದರಿಂದ ಚಿತ್ರ ದೇಶದ ಹೊರಗೂ ಹೋಗಿ, ಲಂಡನ್ನಿನ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇದ್ದದ್ದು. 2017ರಲ್ಲಿ ಅದನ್ನು ಸರಿಪಡಿಸಿ ಅನೌಷ್ಕಾ ಶಂಕರ್ ಅವರ ಸಂಗೀತದೊಂದಿಗೆ ಮತ್ತೆ ತೋರಿಸಿದರು. ಇದರಲ್ಲಿ ನಮಗೊಂದು ಪಾಠ ಇದೆ. ಒಂದಕ್ಕಿಂತ ಹೆಚ್ಚು ಪ್ರತಿ ಇದ್ದು, ಅವು ಒಂದಕ್ಕಿಂತ ಹೆಚ್ಚು ಜಾಗದಲ್ಲಿದ್ದರೆ ಮಾತ್ರ ಯಾವುದಾದರೂ ಉಳಿಯುತ್ತದೆ.

"ಅದೆಲ್ಲ ಆ ಕಾಲ, ಈಗ ಎಲ್ಲವೂ ಮೊಬೈಲಿನಲ್ಲಿದೆ, ಏನೂ ಕಳೆಯುವುದಿಲ್ಲ" ಎನ್ನುತ್ತೀರಾ? ನಿಮ್ಮ ಹಿಂದಿನ ಫೋನಿನಲ್ಲಿದ್ದ ವಿಡಿಯೊಗಳು ಈಗ ಎಲ್ಲಿವೆ, ಒಮ್ಮೆ ನೆನಪು ಮಾಡಿಕೊಳ್ಳಿ. ಪಾಸ್‌ವರ್ಡ್ ಮರೆತರೆ, ಮೆಮೊರಿ ಕಾರ್ಡ್ ಕೆಟ್ಟರೆ, "ಸ್ಟೋರೇಜ್ ಫುಲ್" ಎಂದು ಬಂದಾಗ ಕಣ್ಣು ಮುಚ್ಚಿ ಅಳಿಸಿದರೆ ಮುಗಿಯಿತು. ನಮ್ಮ ಮನೆಯ ಕ್ಯಾಸೆಟ್ ಕೆಟ್ಟಿರಲಿಲ್ಲ. ಅದನ್ನು ಹಾಕುವ ಯಂತ್ರ ಇರಲಿಲ್ಲ, ಅಷ್ಟೇ. ಇನ್ನು ಇಪ್ಪತ್ತು ವರ್ಷಕ್ಕೆ ಪೆನ್ ಡ್ರೈವ್ ಹಾಕುವ ಯಂತ್ರ ಇರುತ್ತದೆ ಎಂದು ಯಾರು ಹೇಳಬಲ್ಲರು? ನೈಟ್ರೇಟ್ ಫಿಲ್ಮ್ ಡಬ್ಬಿಯಲ್ಲಿ ಕೊಳೆಯುತ್ತಿತ್ತು, ನಮ್ಮದು ಗೊತ್ತೇ ಆಗದಂತೆ ಮಾಯವಾಗುತ್ತದೆ.

ಸರಕಾರವೂ ಮಾಡಬೇಕಾದದ್ದು ಇದೆ. ನಮ್ಮ ದೇಶದಲ್ಲಿ ಪುಸ್ತಕ ಪ್ರಕಟಿಸಿದವರು ಅದರ ಪ್ರತಿಗಳನ್ನು ನಿಗದಿತ ದೊಡ್ಡ ಗ್ರಂಥಾಲಯಗಳಿಗೆ ಕೊಡಲೇಬೇಕು ಎಂಬ ಕಾನೂನು 1954ರಲ್ಲೇ ಬಂತು. ಸಿನಿಮಾ ಆ ಕಾನೂನಿನಲ್ಲಿ ಸೇರಿಲ್ಲ. ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಮಾತಿಗೆ ಕಾನೂನು ಬದಲಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ನಮ್ಮ ಕೈಯಳತೆಯಲ್ಲಿ ಇರುವುದನ್ನು ಹೇಳುತ್ತೇನೆ.

ಈ ಲೇಖನಕ್ಕಾಗಿ ನಮ್ಮದೇ ವಾರ್ತಾಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಕೇಳಿದೆ. ಕೆಲವು ಸಿಕ್ಕವು, ಪೂರ್ತಿ ಸೆಟ್ ಇಲ್ಲ. ಇದು ಯಾರೊಬ್ಬರ ತಪ್ಪೂ ಅಲ್ಲ, ಎಲ್ಲರೂ ಓದಿ ಬಿಸಾಡಿದ್ದೇವೆ. ಗ್ರಂಥಪಾಲಕರಲ್ಲಿ ನನ್ನ ವಿನಂತಿ ಇಷ್ಟು: ಇನ್ನು ಮುಂದೆ ಪ್ರತಿ ಸಂಚಿಕೆಯ ಎರಡು ಪ್ರತಿ ಪ್ರತ್ಯೇಕವಾಗಿ ಇಡೋಣ, ಒಂದು ಗ್ರಂಥಾಲಯದಲ್ಲಿ, ಇನ್ನೊಂದು ಕಚೇರಿಯಲ್ಲಿ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಹಳೆಯ ಸಂಚಿಕೆಗಳಿದ್ದರೆ ಕೇಳಿ ತರುವ ಕೆಲಸವನ್ನು ನಾವು ಮಾಡುತ್ತೇವೆ. ವಾರ್ಷಿಕೋತ್ಸವದ ವಿಡಿಯೊಗಳಿಗೂ ಇದೇ ವ್ಯವಸ್ಥೆ ಆಗಲಿ. ಪ್ರಾಂಶುಪಾಲರು ಒಪ್ಪಿದರೆ, ಸೆಮಿನಾರ್ ಹಾಲಿನಲ್ಲಿ ಒಂದು ಶನಿವಾರ ಇತಿಹಾಸ ವಿಭಾಗದ ಕಡೆಯಿಂದ "ಶಿರಾಜ್" ತೋರಿಸೋಣ. ಮೂಕಿ ಚಿತ್ರ ಎಂದರೆ ನಗುವ ನನ್ನ ಗೆಳೆಯ ಮೊದಲ ಸಾಲಿನಲ್ಲಿ ಕೂರಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದೇ ಕೋರಿಕೆ. ಈ ರಜೆಯಲ್ಲಿ ಮನೆಯ ಹಿರಿಯರೊಬ್ಬರನ್ನು, ಅವರ ಒಪ್ಪಿಗೆ ಕೇಳಿ, ಹತ್ತು ನಿಮಿಷ ಮಾತನಾಡಿಸಿ ರೆಕಾರ್ಡ್ ಮಾಡಿ. ವಿಡಿಯೊ ಬೇಡವೆಂದರೆ ಧ್ವನಿ ಸಾಕು. ಅವರ ಹೆಸರು, ಊರು, ತಾರೀಕು ಬರೆದಿಡಿ. ಎರಡು ಕಡೆ ಇಡಿ. ಹೆಸರು, ತಾರೀಕು ಇಲ್ಲದ ರೀಲು ಸಿಕ್ಕಿದಾಗ ಅದು ಯಾವ ಚಿತ್ರ ಎಂದು ಪತ್ತೆ ಮಾಡಲು ಸಂಗ್ರಹಾಲಯದವರು ವರ್ಷಗಟ್ಟಲೆ ಒದ್ದಾಡುತ್ತಾರೆ. ನಿಮ್ಮ ಮೊಮ್ಮಕ್ಕಳಿಗೆ ಆ ಕಷ್ಟ ಬೇಡ.

ಹೋದ ತಿಂಗಳು ನಾನಿಯನ್ನು ಕೂರಿಸಿಕೊಂಡು ಫೋನ್ ಮುಂದಿಟ್ಟೆ. "ನನ್ನದು ಯಾರು ಕೇಳುತ್ತಾರೆ ಬೇಟಾ?" ಎಂದು ಮೊದಲು ನಾಚಿಕೊಂಡರು. ಆಮೇಲೆ ನಲವತ್ತು ನಿಮಿಷ ಬಿಡದೆ ಮಾತನಾಡಿದರು. ನಾನಾ ಅಡುಗೆಯವರನ್ನು ಗದರಿಸುತ್ತಿದ್ದ ರೀತಿಯನ್ನು ಅವರದೇ ಧಾಟಿಯಲ್ಲಿ ಮಾಡಿ ತೋರಿಸಿದರು. ಕ್ಯಾಸೆಟ್ಟಿನಲ್ಲಿ ಇದ್ದ ನಾನಾ ಮರಳಿ ಬರುವುದಿಲ್ಲ. ನಾನಿಯ ಬಾಯಲ್ಲಿ ಇರುವ ನಾನಾ ಈಗ ಅಮ್ಮಿಯ ಫೋನಿನಲ್ಲೂ ಇದ್ದಾರೆ, ಮಾಮುವಿನ ಕಂಪ್ಯೂಟರಿನಲ್ಲೂ ಇದ್ದಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಡಬ್ಬಿ ಇರಬಹುದು. ಗುಜರಿಯವನು ಕೂಗುವ ಮೊದಲು ಒಮ್ಮೆ ಹತ್ತಿ ನೋಡಿ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ